ಯಾವ ಕುದುರೆ ಶ್ರೇಷ್ಠ?

ಮೈಸೂರಿನ ರೇಸ್ ಕೋರ್ಸಿಗೆ ಸ್ವಲ್ಪ ದೂರದಲ್ಲಿ ಒಂದು ಚಹಾದಂಗಡಿಯಿದೆ. ಓಟದ ದಿನಗಳಲ್ಲಿ ಅಲ್ಲಿ ಸೇರುವವರ ಬಾಯಲ್ಲಿ ಎರಡೇ ಪ್ರಶ್ನೆ. ಇವತ್ತು ಯಾವ ಕುದುರೆ ಬರುತ್ತದೆ ಎಂಬುದು ಒಂದು. ಇದುವರೆಗೆ ಬಂದ ಕುದುರೆಗಳಲ್ಲಿ ಯಾವುದು ದೊಡ್ಡದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂಜೆಯೊಳಗೆ ಉತ್ತರ ಸಿಕ್ಕಿಬಿಡುತ್ತದೆ, ಹಲವರ ಜೇಬೂ ಖಾಲಿಯಾಗುತ್ತದೆ. ಎರಡನೆಯದಕ್ಕೆ ಎಷ್ಟು ವರ್ಷವಾದರೂ ಉತ್ತರವಿಲ್ಲ. ಲಾಯದಲ್ಲಿ ದುಡಿದು ಮುದುಕರಾದವರು ರಶೀದ್ ಬೈರಾಮ್‌ಜಿ ತಯಾರು ಮಾಡಿದ ಸ್ಕ್ವಾಂಡರರ್ ಎನ್ನುತ್ತಾರೆ. ಕಾಲೇಜಿನ ಹುಡುಗರು ಮೊಬೈಲಿನಲ್ಲಿ ಓಟ ತೋರಿಸಿ ಫ್ರ್ಯಾಂಕೆಲ್ ಎನ್ನುತ್ತಾರೆ. ನಡುವಯಸ್ಸಿನ ಯಾರೋ ಒಬ್ಬರು ಸೆಕ್ರೆಟೇರಿಯಟ್ ಎಂದ ಕೂಡಲೇ ಜಗಳ ಶುರು.

ಇಂಥ ವಿಷಯವನ್ನು ನಾವು ಎತ್ತಿಕೊಂಡದ್ದು ಕಂಡು ಕೆಲವು ಓದುಗರು ಹುಬ್ಬೇರಿಸಬಹುದು. ನಾವು ಬಾಜಿ ಕಟ್ಟಿದವರಲ್ಲ. ಅದು ನಮ್ಮ ಮನೆಯಲ್ಲಿ ನಿಷಿದ್ಧ, ಈಗಲೂ ನಿಷಿದ್ಧವೇ. ಆದರೆ ಕುದುರೆ ನಮಗೆ ಹೊರಗಿನದಾಗಿರಲಿಲ್ಲ. ನಮ್ಮ ದಾದಾ ಜಟಕಾ ಹೊಡೆದು ಸಂಸಾರ ಸಾಕಿದವರು. ನಮ್ಮ ಚಿಚ್ಚಾ ಓಟದ ಕುದುರೆಗಳ ಲಾಯವೊಂದರಲ್ಲಿ ಸಾಯಿಸರಾಗಿದ್ದರು. ಕುದುರೆಗಳ ಹೆಸರು ಕೇಳುತ್ತಲೇ ಬೆಳೆದ ನಮಗೆ, ಮುಂದೆ ಕಥೆ ಬರೆಯತೊಡಗಿದ ಮೇಲೆ, ಈ ಚಹಾದಂಗಡಿಯ ಜಗಳಕ್ಕೂ ಸಾಹಿತ್ಯದ ಸಭೆಗಳಲ್ಲಿ ನಡೆಯುವ ಜಗಳಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನಿಸತೊಡಗಿತು. ಗಾಲಿಬ್ ದೊಡ್ಡವನೋ ಮೀರ್ ದೊಡ್ಡವನೋ, ಪಂಪ ದೊಡ್ಡವನೋ ಕುಮಾರವ್ಯಾಸನೋ ಎಂದು ಕೇಳುವವರೂ ಮೊದಲು ಕೈಯಲ್ಲೊಂದು ಅಳತೆಗೋಲು ಹಿಡಿದಿರುತ್ತಾರೆ. ಆ ಕೋಲು ಯಾವ ಮರದ್ದು, ಅದನ್ನು ಕಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕುದುರೆಗಳ ನೆಪದಲ್ಲಿ ಅದನ್ನು ಕೇಳಿ ನೋಡುವುದು ಈ ಬರಹದ ಉದ್ದೇಶ.

ಮೊದಲ ಅಳತೆಗೋಲು ಗಡಿಯಾರ. ಇದರ ಪರವಾಗಿ ವಾದಿಸುವವರಿಗೆ 1973ರ ಸೆಕ್ರೆಟೇರಿಯಟ್ ಒಂದೇ ಸಾಕು. ಅಮೆರಿಕದಲ್ಲಿ ಮೂರು ವರ್ಷದ ಕುದುರೆಗಳಿಗೆ ಐದು ವಾರಗಳೊಳಗೆ ಮೂರು ದೊಡ್ಡ ಓಟಗಳು: ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್. ಮೂರನ್ನೂ ಗೆದ್ದರೆ ತ್ರಿವಳಿ ಕಿರೀಟ. ಸೆಕ್ರೆಟೇರಿಯಟ್ ಮೂರನ್ನೂ ಗೆದ್ದದ್ದಷ್ಟೇ ಅಲ್ಲ, ಆ ಮೂರೂ ಓಟಗಳ ದಾಖಲೆ ಅರ್ಧ ಶತಮಾನ ಕಳೆದರೂ ಅದರ ಹೆಸರಿನಲ್ಲೇ ಇದೆ. ಡರ್ಬಿಯ ಒಂದೂಕಾಲು ಮೈಲಿಯನ್ನು ಎರಡು ನಿಮಿಷದೊಳಗೆ ಮುಗಿಸಿದ ಮೊದಲ ಕುದುರೆ ಅದು. ಆ ಓಟದಲ್ಲಿ ಪ್ರತಿ ಕಾಲು ಮೈಲಿಯನ್ನೂ ಅದರ ಹಿಂದಿನ ಕಾಲು ಮೈಲಿಗಿಂತ ವೇಗವಾಗಿ ಓಡಿತು. ಓಡಿದಷ್ಟೂ ದಣಿಯುವುದು ಜೀವಿಗಳ ಧರ್ಮ. ಇದು ಓಡಿದಷ್ಟೂ ಚುರುಕಾಯಿತು. ಜೂನ್ 9ರ ಬೆಲ್ಮಾಂಟ್ ಓಟದಲ್ಲಿ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ ಹಳೆಯ ದಾಖಲೆಯನ್ನು ಎರಡು ಸೆಕೆಂಡಿಗೂ ಹೆಚ್ಚು ಅಂತರದಿಂದ ಮುರಿಯಿತು. ಎರಡನೆಯ ಕುದುರೆಗೂ ಅದಕ್ಕೂ ನಡುವೆ 31 ಕುದುರೆಗಳನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ ಖಾಲಿ ಬಿದ್ದಿತ್ತು.

ಇಷ್ಟಾದ ಮೇಲೆ ಚರ್ಚೆ ಮುಗಿಯಬೇಕಿತ್ತು. ಆದರೆ ಗಡಿಯಾರವನ್ನು ನೋಡುವವರೂ ಮನುಷ್ಯರೇ. ಅದೇ ವರ್ಷದ ಪ್ರೀಕ್‌ನೆಸ್ ಓಟದಲ್ಲಿ ಮೈದಾನದ ವಿದ್ಯುತ್ ಗಡಿಯಾರ 1 ನಿಮಿಷ 55 ಸೆಕೆಂಡು ತೋರಿಸಿತು. ಅದು ತಪ್ಪೆಂದು ಗೊತ್ತಾಗಿ ಅಧಿಕೃತ ಸಮಯವನ್ನು ಸ್ವಲ್ಪ ಇಳಿಸಲಾಯಿತು. ಕೈಗಡಿಯಾರ ಹಿಡಿದು ನಿಂತಿದ್ದ ಪತ್ರಿಕೆಯವರ ಲೆಕ್ಕ ಇನ್ನೂ ಕಡಿಮೆಯಿತ್ತು. ಕೊನೆಗೆ ಒಡತಿ ಪೆನ್ನಿ ಚೆನೆರಿಯವರ ಮನವಿಯ ಮೇರೆಗೆ 2012ರಲ್ಲಿ ಹಳೆಯ ಚಿತ್ರಸುರುಳಿಗಳನ್ನು ಪರಿಶೀಲಿಸಿ 1 ನಿಮಿಷ 53 ಸೆಕೆಂಡು ಎಂದು ತೀರ್ಮಾನಿಸಿದರು. ಓಟ ಮುಗಿದು 39 ವರ್ಷವಾದ ಮೇಲೆ, ಕುದುರೆ ಸತ್ತು 23 ವರ್ಷವಾದ ಮೇಲೆ, ಅದು ಒಂದು ಸೆಕೆಂಡಿಗೂ ಹೆಚ್ಚು ಬೇಗ ಓಡಿದಂತಾಯಿತು! ನ್ಯಾಯ ಸಿಕ್ಕಿತು, ಸಂತೋಷ. ಆದರೆ ಮಾಲೀಕರಿಗೆ ಹಣವಾಗಲಿ ಹೆಸರಾಗಲಿ ಇಲ್ಲದ ಕುದುರೆಯ ಗಡಿಯಾರವನ್ನು ಯಾರು ರಿಪೇರಿ ಮಾಡುತ್ತಾರೆ? ಅಲ್ಲದೆ ಅಮೆರಿಕದ ಓಟ ಮಣ್ಣಿನ ಮೇಲೆ, ಇಂಗ್ಲೆಂಡಿನ ಓಟ ಹುಲ್ಲಿನ ಮೇಲೆ. ಅಲ್ಲಿ ದಾರಿ ಸಮತಟ್ಟು, ಇಲ್ಲಿ ಏರಿಳಿತ. ಒಂದು ದೇಶದ ಗಡಿಯಾರ ಇನ್ನೊಂದು ದೇಶದಲ್ಲಿ ಸುಳ್ಳು ಹೇಳುತ್ತದೆ.

ಆದ್ದರಿಂದ ಎರಡನೆಯ ಅಳತೆಗೋಲು ಬಂತು: ಅಂಕ. ಇದರ ಹಿಂದಿನ ತರ್ಕ ಸರಳ. ಯಾವ ಕುದುರೆ ಯಾವುದನ್ನು ಎಷ್ಟು ಅಂತರದಿಂದ, ಬೆನ್ನ ಮೇಲೆ ಎಷ್ಟು ಭಾರ ಹೊತ್ತು ಸೋಲಿಸಿತು ಎಂದು ನೋಡಿ, ಆ ಅಂತರವನ್ನು ಪೌಂಡಿನ ಲೆಕ್ಕಕ್ಕೆ ತಿರುಗಿಸುವುದು. ಇಂಗ್ಲೆಂಡಿನ ಟೈಮ್‌ಫಾರ್ಮ್ ಸಂಸ್ಥೆ 1940ರ ದಶಕದಿಂದ ಹೀಗೆ ಅಂಕ ಕೊಡುತ್ತ ಬಂದಿದೆ. ಅದರ ಪ್ರಕಾರ 1965ರ ಸೀ-ಬರ್ಡ್ 145 ಅಂಕದೊಂದಿಗೆ ಬಹುಕಾಲ ಮೊದಲ ಸ್ಥಾನದಲ್ಲಿತ್ತು. 2012ರಲ್ಲಿ ಫ್ರ್ಯಾಂಕೆಲ್ 147 ಪಡೆದು ಅದನ್ನು ಹಿಂದೆ ಹಾಕಿತು. ಇದಲ್ಲದೆ ಹಲವು ದೇಶಗಳ ಅಂಕಗಾರರು ಒಟ್ಟಿಗೆ ಕೂತು ಮಾಡುವ ಇನ್ನೊಂದು ಪಟ್ಟಿಯಿದೆ. ಅದು 1977ರಲ್ಲಿ ಯೂರೋಪಿನ ಕುದುರೆಗಳಿಗಾಗಿ ಶುರುವಾಗಿ ಆಮೇಲೆ ಜಗತ್ತಿಗೆಲ್ಲ ಹಬ್ಬಿತು. ಆ ಪಟ್ಟಿಯಲ್ಲಿ 1986ರ ಡ್ಯಾನ್ಸಿಂಗ್ ಬ್ರೇವ್ 141 ಅಂಕದೊಂದಿಗೆ ಎಲ್ಲಕ್ಕಿಂತ ಮೇಲಿತ್ತು. ಫ್ರ್ಯಾಂಕೆಲ್‌ಗೆ ಸಿಕ್ಕಿದ್ದು 140.

ಮುಂದೆ ನಡೆದದ್ದು ವಿಚಿತ್ರ. 2013ರ ಜನವರಿಯಲ್ಲಿ ಅಂಕಗಾರರು ಹಳೆಯ ಪಟ್ಟಿಗಳನ್ನೆಲ್ಲ ತೆಗೆದು ಪುನಃ ತೂಗಿದರು. ಹಿಂದಿನ ಕಾಲದವರು ಕೈಬಿಚ್ಚಿ ಅಂಕ ಕೊಟ್ಟಿದ್ದರೆಂಬುದು ಅವರ ವಾದ. ಡ್ಯಾನ್ಸಿಂಗ್ ಬ್ರೇವ್ 141ರಿಂದ 138ಕ್ಕೆ ಇಳಿಯಿತು. ಅದರ ಜೊತೆಗೆ ಇನ್ನೂ ಕೆಲವು ಹಳೆಯ ಕುದುರೆಗಳು ಇಳಿದವು. ಫ್ರ್ಯಾಂಕೆಲ್ ಇದ್ದಲ್ಲೇ ಇದ್ದು ಮೊದಲನೆಯದಾಯಿತು. ಡ್ಯಾನ್ಸಿಂಗ್ ಬ್ರೇವ್ ಜಪಾನಿನಲ್ಲಿ ಸತ್ತದ್ದು 1999ರಲ್ಲಿ. ಸತ್ತು 14 ವರ್ಷವಾದ ಕುದುರೆ ಕಾಗದದ ಮೇಲೆ ಮೂರು ಪೌಂಡು ಸೋತಿತು. ಅಂಕಗಾರರ ವಾದದಲ್ಲಿ ಹುರುಳಿರಬಹುದು. ಕಾಲದಿಂದ ಕಾಲಕ್ಕೆ ಅಂಕದ ಬೆಲೆ ಬದಲಾಗುವುದು ನಮಗೂ ಗೊತ್ತು. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಯಾವ ಮೇಷ್ಟರಾದರೂ ಹೇಳಿಯಾರು. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಇಳಿಸುವ ಕೆಲಸ ನಡೆದದ್ದು ಹೊಸ ನಾಯಕ ಬಂದ ಮೇಲೆ. ವಿಮರ್ಶಕರು ಹೊಸ ಕವಿಯೊಬ್ಬನನ್ನು ಎತ್ತಬೇಕಾದಾಗ ಹಳಬನ ಸಂಕಲನವನ್ನು ಮತ್ತೆ ಬಿಡಿಸಿ ದೋಷ ಹುಡುಕುವುದಿಲ್ಲವೇ, ಹಾಗೆ. 2022ರಲ್ಲಿ ಅಮೆರಿಕದ ಫ್ಲೈಟ್‌ಲೈನ್‌ಗೂ ಅದೇ 140 ಸಿಕ್ಕಿತು. ಅದು ತನ್ನ ಜೀವಮಾನದಲ್ಲಿ ಓಡಿದ್ದು ಆರೇ ಓಟ. ಆರನ್ನೂ ಗೆದ್ದು ಮನೆಗೆ ಹೋಯಿತು. ಇನ್ನು ಸೆಕ್ರೆಟೇರಿಯಟ್? ಪಟ್ಟಿ ಶುರುವಾಗುವ ನಾಲ್ಕು ವರ್ಷ ಮೊದಲೇ ಓಡಿ ಮುಗಿಸಿದ್ದರಿಂದ ಅದು ಪಟ್ಟಿಯಲ್ಲೇ ಇಲ್ಲ.

ಮೂರನೆಯ ಅಳತೆಗೋಲು ಸೋಲದಿರುವುದು. ಫ್ರ್ಯಾಂಕೆಲ್ 2010ರಿಂದ 2012ರವರೆಗೆ 14 ಓಟ ಓಡಿ 14ನ್ನೂ ಗೆದ್ದಿತು. ಆಸ್ಟ್ರೇಲಿಯಾದ ಹೆಣ್ಣು ಕುದುರೆ ಬ್ಲ್ಯಾಕ್ ಕೇವಿಯರ್ 25ಕ್ಕೆ 25 ಗೆದ್ದು 2013ರಲ್ಲಿ ನಿವೃತ್ತಿಯಾಯಿತು. ಅದೇ ದೇಶದ ಇನ್ನೊಂದು ಹೆಣ್ಣು ಕುದುರೆ ವಿಂಕ್ಸ್ 2019ರಲ್ಲಿ ನಿಲ್ಲಿಸುವ ಹೊತ್ತಿಗೆ ಸಾಲಾಗಿ 33 ಓಟ ಗೆದ್ದಿತ್ತು. ಈ ಸಂಖ್ಯೆಗಳನ್ನು ಕಂಡರೆ ಯಾರಿಗಾದರೂ ಗೌರವ ಮೂಡಬೇಕು. ಆದರೆ ಸೋಲದಿರುವುದಕ್ಕೆ ಎರಡು ದಾರಿಗಳಿವೆ. ಎಲ್ಲರನ್ನೂ ಎದುರಿಸಿ ಗೆಲ್ಲುವುದು ಒಂದು. ಸೋಲಬಹುದಾದ ಕಡೆಗೆ ಹೋಗದಿರುವುದು ಇನ್ನೊಂದು. ಫ್ರ್ಯಾಂಕೆಲ್ ಇಂಗ್ಲೆಂಡನ್ನು ಬಿಟ್ಟು ಹೊರಗೆ ಒಮ್ಮೆಯೂ ಓಡಲಿಲ್ಲ, ಒಂದೂವರೆ ಮೈಲಿಯ ಡರ್ಬಿಯನ್ನು ಮುಟ್ಟಲಿಲ್ಲ. ಬ್ಲ್ಯಾಕ್ ಕೇವಿಯರ್ ಓಡಿದ್ದೆಲ್ಲ ಚಿಕ್ಕ ದೂರದ ಓಟಗಳು. ಆದರೆ 2012ರಲ್ಲಿ ಭೂಮಿಯ ಆ ತುದಿಯಿಂದ ಈ ತುದಿಗೆ ಬಂದು, ಮೈ ಸರಿಯಿಲ್ಲದೆಯೂ, ಆಸ್ಕಾಟ್‌ನಲ್ಲಿ ಕೂದಲೆಳೆಯಲ್ಲಿ ಗೆದ್ದಿತು. ನಮ್ಮ ಲೆಕ್ಕದಲ್ಲಿ ಅದರ ಸುಲಭದ ಗೆಲುವುಗಳಿಗಿಂತ ಅಂದಿನ ಆ ಕಷ್ಟದ ಗೆಲುವೇ ದೊಡ್ಡದು.

ಸೋಲನ್ನೂ ಇಲ್ಲಿ ನೆನೆಯಬೇಕು. ಅಮೆರಿಕದ ಝೆನ್ಯಾಟಾ ಎಂಬ ಹೆಣ್ಣು ಕುದುರೆ 19 ಓಟ ಸಾಲಾಗಿ ಗೆದ್ದು, 2010ರಲ್ಲಿ ತನ್ನ ಇಪ್ಪತ್ತನೆಯ ಹಾಗೂ ಕೊನೆಯ ಓಟದಲ್ಲಿ ಬ್ಲೇಮ್ ಎಂಬ ಗಂಡು ಕುದುರೆಗೆ ಒಂದು ತಲೆಯಷ್ಟು ಅಂತರದಲ್ಲಿ ಸೋತಿತು. ಎಲ್ಲರಿಗಿಂತ ಹಿಂದೆ ಉಳಿದು ಕೊನೆಗೆ ನುಗ್ಗುವುದು ಅದರ ಅಭ್ಯಾಸ. ಅಂದು ಆ ನುಗ್ಗುವಿಕೆಗೆ ದಾರಿ ಸ್ವಲ್ಪ ಕಡಿಮೆಯಾಯಿತು. ಅದನ್ನು ಪ್ರೀತಿಸಿದವರು ಇವತ್ತಿಗೂ ಗೆದ್ದ 19ಕ್ಕಿಂತ ಸೋತ ಆ ಒಂದನ್ನೇ ಹೆಚ್ಚು ಮಾತಾಡುತ್ತಾರೆ. ಡ್ಯಾನ್ಸಿಂಗ್ ಬ್ರೇವ್ ಕೂಡ ಡರ್ಬಿಯಲ್ಲಿ ಸೋತದ್ದೇ. ಸ್ವತಃ ಸೆಕ್ರೆಟೇರಿಯಟ್ 21ರಲ್ಲಿ 16 ಮಾತ್ರ ಗೆದ್ದದ್ದು. ಬೆಲ್ಮಾಂಟ್‌ನ ಆ ಅದ್ಭುತ ನಡೆದ ಎರಡು ತಿಂಗಳಿಗೆ ಆನಿಯನ್ ಎಂಬ ಅಷ್ಟೇನೂ ಹೆಸರಿಲ್ಲದ ಕುದುರೆಗೆ ಸೋತಿತು. ಆನಿಯನ್ ಎಂದರೆ ಈರುಳ್ಳಿ! ದೇವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿದರು?

ನಾಲ್ಕನೆಯ ಅಳತೆಗೋಲು ನಮ್ಮ ಕಸುಬಿಗೆ ಸೇರಿದ್ದು: ಕಥೆ. ಜನ ನೆನಪಿಟ್ಟುಕೊಳ್ಳುವುದು ಅಂಕವನ್ನಲ್ಲ, ಕಥೆಯನ್ನು. ಫ್ರ್ಯಾಂಕೆಲ್ ಎಂದ ಕೂಡಲೇ ಅದರ ತರಬೇತುದಾರ ಹೆನ್ರಿ ಸೆಸಿಲ್ ಕಣ್ಣೆದುರು ಬರುತ್ತಾರೆ. ಕ್ಯಾನ್ಸರ್ ಹಿಂಡಿದ ಮೈ, ತಲೆಗೊಂದು ಟೋಪಿ, ಕೇಳಿಸಲಾರದಷ್ಟು ಸಣ್ಣಗಾದ ದನಿ. ಹಗ್ಗ ಬಿಗಿದರೆ ಸೆಣಸುತ್ತಿದ್ದ ಬಿಸಿರಕ್ತದ ಕುದುರೆಯನ್ನು ಆ ಮನುಷ್ಯ ಎರಡು ವರ್ಷ ತಾಳ್ಮೆಯಿಂದ ಪಳಗಿಸಿದರು. ಕುದುರೆ ನಿವೃತ್ತಿಯಾದ ಮರುವರ್ಷ, 2013ರಲ್ಲಿ, ತೀರಿಕೊಂಡರು. ಇದು ನಿಜವಾದ ಕಥೆ, ದೊಡ್ಡ ಕಥೆಯೂ ಹೌದು. ಆದರೆ ಕಥೆಗಾರರಾದ ನಮಗೆ ಗೊತ್ತಿರುವ ಒಂದು ಗುಟ್ಟಿದೆ. ಕಥೆ ಚೆನ್ನಾಗಿ ಬರಬೇಕಾದರೆ ಏನನ್ನಾದರೂ ಬಿಡಬೇಕು. ಏನನ್ನು ಬಿಟ್ಟರು ಎಂಬುದರಲ್ಲಿ ಬರೆದವರ ಬಣ್ಣ ಬಯಲಾಗುತ್ತದೆ.

2010ರಲ್ಲಿ ಬಂದ 'ಸೆಕ್ರೆಟೇರಿಯಟ್' ಚಲನಚಿತ್ರವನ್ನೇ ನೋಡಿ. ರ‍್ಯಾಂಡಲ್ ವ್ಯಾಲೇಸ್ ನಿರ್ದೇಶನ, ಪೆನ್ನಿ ಚೆನೆರಿಯಾಗಿ ಡಯಾನ್ ಲೇನ್. ಗಂಡಸರ ಜಗತ್ತಿನಲ್ಲಿ ಒಬ್ಬ ಗೃಹಿಣಿ ತಂದೆಯ ಮುಳುಗುತ್ತಿರುವ ಕುದುರೆ ಫಾರಂ ಅನ್ನು ಒಂದೇ ಒಂದು ಕುದುರೆಯನ್ನು ನಂಬಿ ಉಳಿಸಿಕೊಂಡಳು ಎಂಬುದು ಅದರ ಕಥೆ. ಓಟದ ದೃಶ್ಯಗಳಲ್ಲಿ ಗೊರಸಿನ ಸದ್ದು ಎದೆಗೆ ಬಡಿಯುತ್ತದೆ. ನಾವೂ ಕಣ್ಣೊರೆಸಿಕೊಂಡೆವು. ಆದರೆ ಚಿತ್ರ ಒಂದು ಕುದುರೆಯನ್ನು ಪೂರಾ ನುಂಗಿಬಿಟ್ಟಿದೆ. ಅದರ ಹೆಸರು ರೀವಾ ರಿಡ್ಜ್. ಸೆಕ್ರೆಟೇರಿಯಟ್‌ಗಿಂತ ಒಂದು ವರ್ಷ ಮೊದಲು, 1972ರಲ್ಲಿ, ಅದೇ ಒಡತಿಯ, ಅದೇ ತರಬೇತುದಾರ ಲೂಸಿಯನ್ ಲಾರಿನ್ ಅವರ, ಅದೇ ಜಾಕಿ ರಾನ್ ಟರ್ಕಾಟ್ ಸವಾರಿಯ ರೀವಾ ರಿಡ್ಜ್ ಕೆಂಟಕಿ ಡರ್ಬಿಯನ್ನೂ ಬೆಲ್ಮಾಂಟನ್ನೂ ಗೆದ್ದಿತ್ತು. ಫಾರಂ ಉಳಿಯಲು ಮೊದಲ ಹೆಗಲು ಕೊಟ್ಟದ್ದು ಅದು. ಆದರೆ 'ಒಂದೇ ಕುದುರೆ' ಎಂಬ ಕಥೆಗೆ ಎರಡನೆಯ ಕುದುರೆ ಅಡ್ಡಿ. ಹಾಗಾಗಿ ಅದನ್ನು ಲಾಯದಿಂದಲೇ ತೆಗೆದುಹಾಕಿದರು.

ಶ್ಯಾಮ್ ಎಂಬ ಕುದುರೆ ಚಿತ್ರದಲ್ಲಿದೆ, ಆದರೆ ಖಳನಾಯಕನ ಕುದುರೆಯಾಗಿ. ಇಂಗ್ಲಿಷಿನಲ್ಲಿ ಆ ಪದಕ್ಕೆ ನಕಲಿ ಎಂದರ್ಥ. ಉರ್ದು ಕಲಿತ ನಮ್ಮ ಕಿವಿಗೆ ಅದು 'ಶಾಮ್' ಎಂದೇ ಕೇಳಿಸುತ್ತದೆ, ಎಂದರೆ ಸಂಜೆ. 1973ರ ಡರ್ಬಿಯಲ್ಲಿ ಅದು ಬಾಗಿಲಿಗೆ ತಲೆ ಬಡಿದುಕೊಂಡು, ಹಲ್ಲು ಕಳೆದುಕೊಂಡೂ ಎರಡನೆಯದಾಗಿ ಬಂತು. ಬೇರೆ ಯಾವುದೇ ವರ್ಷವಾಗಿದ್ದರೆ ಅಂದಿನ ಅದರ ಓಟ ಡರ್ಬಿ ಗೆಲ್ಲಲು ಸಾಕಾಗಿತ್ತು. ಪ್ರೀಕ್‌ನೆಸ್‌ನಲ್ಲೂ ಎರಡನೆಯದು. ಬೆಲ್ಮಾಂಟ್‌ನಲ್ಲಿ ಅರ್ಧ ದೂರ ಸೆಕ್ರೆಟೇರಿಯಟ್‌ನ ಪಕ್ಕದಲ್ಲೇ ಓಡಿ, ಓಡಿದ್ದಕ್ಕೆ ದಂಡ ತೆತ್ತು, ಐದರಲ್ಲಿ ಐದನೆಯದಾಯಿತು. ಆಮೇಲೆ ಕಾಲಿನ ಮೂಳೆ ಬಿರುಕು ಬಿಟ್ಟು ಓಟವೇ ಮುಗಿಯಿತು. ಸೆಕ್ರೆಟೇರಿಯಟ್‌ನ ಹೃದಯ ಮಾಮೂಲಿಗಿಂತ ಎರಡು ಪಟ್ಟಿಗೂ ದೊಡ್ಡದು, 22 ಪೌಂಡು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅಸಲಿಗೆ ಆ ಹೃದಯವನ್ನು ಯಾರೂ ತೂಗಲೇ ಇಲ್ಲ. ತೂಗಿದ್ದು 1993ರಲ್ಲಿ ಸತ್ತ ಶ್ಯಾಮ್‌ನದು: 18 ಪೌಂಡು. ಎರಡನ್ನೂ ಕಣ್ಣಾರೆ ಕಂಡ ವೈದ್ಯರು ಇದಕ್ಕೆ ಹೋಲಿಸಿ ಅದನ್ನು ಅಂದಾಜು ಮಾಡಿದರು. ಗೆದ್ದವನ ಹೃದಯದ ಅಳತೆಗೆ ಸೋತವನ ಹೃದಯವೇ ತೂಕದ ಬಟ್ಟಾಯಿತು. ಇದಕ್ಕಿಂತ ದೊಡ್ಡ ಕಥೆಯನ್ನು ನಾವು ಬರೆಯಲಾರೆವು.

ಈ ನಾಲ್ಕು ಅಳತೆಗೋಲುಗಳ ಕೆಳಗೆ ಯಾರೂ ಬಾಯಿಬಿಟ್ಟು ಹೇಳದ ಐದನೆಯದೊಂದಿದೆ. ಅದು ರಕ್ತ. ಥರೋಬ್ರೆಡ್ ಎಂಬುದನ್ನು ನಮ್ಮ ಕಡೆ 'ಜಾತಿ ಕುದುರೆ' ಎನ್ನುತ್ತಾರೆ. ಉರ್ದುವಿನಲ್ಲಿ 'ಅಸೀಲ್', 'ನಸ್ಲ್‌ದಾರ್'. ಭಾಷೆ ಯಾವುದಾದರೂ ಅರ್ಥ ಒಂದೇ: ಹುಟ್ಟಿನಿಂದಲೇ ದೊಡ್ಡದು. 1791ರಲ್ಲಿ ಇಂಗ್ಲೆಂಡಿನಲ್ಲಿ ಈ ಕುದುರೆಗಳ ವಂಶಾವಳಿಯ ಪುಸ್ತಕ ಬಂತು. ಅದರಲ್ಲಿ ತಂದೆತಾಯಿಯ ಹೆಸರಿಲ್ಲದ ಕುದುರೆ ಎಷ್ಟೇ ಓಡಿದರೂ ಥರೋಬ್ರೆಡ್ ಅಲ್ಲ. ಆದರೆ ಈ ಶುದ್ಧ ರಕ್ತದ ಮೂಲವನ್ನು ಹುಡುಕಿದರೆ ಸಿಗುವುದು ಪೂರ್ವದಿಂದ ಬಂದ ಮೂರು ಗಂಡು ಕುದುರೆಗಳು. ಅವುಗಳಲ್ಲಿ ಡಾರ್ಲಿ ಅರೇಬಿಯನ್ ಎಂಬುದನ್ನು 1704ರಲ್ಲಿ ಸಿರಿಯಾದ ಅಲೆಪ್ಪೊ ನಗರದಿಂದ ಥಾಮಸ್ ಡಾರ್ಲಿ ಎಂಬ ಇಂಗ್ಲಿಷ್ ವರ್ತಕ ಸಾಗಿಸಿದ. ಇವತ್ತಿನ ಗಂಡು ಥರೋಬ್ರೆಡ್‌ಗಳಲ್ಲಿ ನೂರಕ್ಕೆ ಸುಮಾರು 95ರ ಪಿತೃಮೂಲ ಅದೊಂದೇ. ಕೊಂಡವನ ಹೆಸರು ಕುದುರೆಗೆ ಅಂಟಿತು. ಮರುಭೂಮಿಯಲ್ಲಿ ಅದನ್ನು ಮಕ್ಕಳಂತೆ ಸಾಕಿದವರ ಹೆಸರು ಪುಸ್ತಕಕ್ಕೆ ಬರಲಿಲ್ಲ. ಮೂರು ಶತಮಾನದ ಮೇಲೆ ದುಬೈನ ಶೇಖ್ ಮೊಹಮ್ಮದ್ ತಮ್ಮ ಲಾಯಗಳಿಗೆ ಡಾರ್ಲಿ, ಗೊಡಾಲ್ಫಿನ್ ಎಂದು ಆ ಕುದುರೆಗಳ ಹೆಸರಿಟ್ಟರು. ಅರಬರ ಕುದುರೆ ಇಂಗ್ಲಿಷ್ ಹೆಸರು ಹೊತ್ತು ಅರಬರ ಮನೆಗೇ ಮರಳಿತು.

ಕುದುರೆಯೊಂದಿಗೆ ಬಂದವರ ಕಥೆ ನಮ್ಮ ಊರುಗಳಲ್ಲೂ ಇದೆ. 1824ರ ಸುಮಾರಿಗೆ ಶಿರಾಜಿನಿಂದ ಕುದುರೆಗಳ ಹಿಂಡು ಹೊಡೆದುಕೊಂಡು ಬಂದ ಆಗಾ ಅಲಿ ಅಸ್ಕರ್ ಬೆಂಗಳೂರಿನಲ್ಲಿ ನೆಲೆಸಿ ಬ್ರಿಟಿಷ್ ಸೈನ್ಯಕ್ಕೂ ಮೈಸೂರು ಅರಮನೆಗೂ ಕುದುರೆ ಒದಗಿಸಿದರು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾದರು. ಅಸ್ಕರ್ ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇನ್ನೂ ಇದೆ. ವರ್ತಕರಿಗೆ ರಸ್ತೆಯಾದರೂ ಸಿಕ್ಕಿತು. ಅವರ ಹಿಂಡಿನ ಹಿಂದೆ ನಡೆದು ಬಂದ ಸಾಯಿಸರಿಗೆ ಓಣಿಯೂ ಸಿಗಲಿಲ್ಲ.

ರಕ್ತದ ಮಾತು ಕೊನೆಗೆ ಹಣದ ಮಾತೇ. ಸೆಕ್ರೆಟೇರಿಯಟ್ ಇನ್ನೂ ತ್ರಿವಳಿ ಕಿರೀಟ ಗೆಲ್ಲುವ ಮೊದಲೇ, 1973ರ ಆರಂಭದಲ್ಲಿ, ಅದನ್ನು ತಲಾ 1,90,000 ಡಾಲರಿನ 32 ಪಾಲುಗಳಾಗಿ ಮಾರಿಯಾಗಿತ್ತು. ಒಟ್ಟು 60 ಲಕ್ಷ 80 ಸಾವಿರ ಡಾಲರ್, ಅಂದಿನ ದಾಖಲೆ. ಕೊಂಡವರಿಗೆ ಬೇಕಿದ್ದುದು ಓಟವಲ್ಲ, ಸಂತಾನ. ಆದ್ದರಿಂದ ಆ ವರ್ಷದ ಕೊನೆಗೆ ಓಟ ನಿಲ್ಲಿಸಲೇಬೇಕೆಂಬುದು ಕರಾರು. ನಾಲ್ಕು ವರ್ಷದ ಸೆಕ್ರೆಟೇರಿಯಟ್ ಹೇಗೆ ಓಡುತ್ತಿತ್ತೆಂದು ಜಗತ್ತು ನೋಡಲೇ ಇಲ್ಲ. ಫ್ಲೈಟ್‌ಲೈನ್ ಆರಕ್ಕೇ ನಿಂತದ್ದಕ್ಕೂ ಅದೇ ಕಾರಣ. ಹಾಗಾದರೆ ನಾವು ಶ್ರೇಷ್ಠ ಎಂದು ಕೂಗುತ್ತಿರುವುದು ಮೊದಲ ಸಂಕಲನಕ್ಕೇ ಬರವಣಿಗೆ ನಿಲ್ಲಿಸಲ್ಪಟ್ಟ ಕವಿಗಳನ್ನು.

ಈ ಹಣೆಬರಹ ಇಲ್ಲದ ಒಂದು ಕುದುರೆಯನ್ನು ಇಲ್ಲಿ ನೆನೆಯೋಣ. ಅದರ ಹೆಸರು ಜಾನ್ ಹೆನ್ರಿ. 1975ರಲ್ಲಿ ಹುಟ್ಟಿದ್ದು. ತಂದೆತಾಯಿಗೆ ಹೇಳಿಕೊಳ್ಳುವ ಹೆಸರಿಲ್ಲ, ಕಾಲಿನ ಕಟ್ಟು ಸರಿಯಿಲ್ಲ, ಸ್ವಭಾವ ಕೆಟ್ಟದ್ದು. ಮರಿಯಿದ್ದಾಗ 1,100 ಡಾಲರಿಗೆ ಮಾರಾಟವಾಯಿತು. ಕಚ್ಚುವ ಒದೆಯುವ ಚಟಕ್ಕೆ ಬೀಜ ತೆಗೆಸಿದರು. ನಮ್ಮ ಸಾಯಿಸರ ಮಾತಿನಲ್ಲಿ ಅದು 'ಆಖ್ತಾ'. ಕೈಯಿಂದ ಕೈಗೆ ದಾಟಿ ಕೊನೆಗೆ 25,000 ಡಾಲರಿಗೆ ಸ್ಯಾಮ್ ರೂಬಿನ್ ಎಂಬ ವ್ಯಾಪಾರಿಯ ಪಾಲಾಯಿತು. ತನ್ನ ಜೀವಮಾನದಲ್ಲಿ ಒಟ್ಟು ಅದು ಮಣ್ಣಿನ ಮೇಲೂ ಹುಲ್ಲಿನ ಮೇಲೂ 83 ಓಟ ಓಡಿ 39 ಗೆದ್ದಿತು, 65 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. 1981ರಲ್ಲಿ ಅಮೆರಿಕದ ವರ್ಷದ ಕುದುರೆ ಎನಿಸಿತು. ಮತ್ತೆ 1984ರಲ್ಲಿ, ಒಂಬತ್ತು ವರ್ಷದ ಮುದಿಪ್ರಾಯದಲ್ಲಿ, ಇನ್ನೊಮ್ಮೆ ಎನಿಸಿತು. ಅದಕ್ಕೆ ಹೆಸರು ಬಂದದ್ದು ರೈಲುದಾರಿಗೆ ಬಂಡೆ ಕೊರೆಯುತ್ತಿದ್ದ ಕರಿಯ ಕೂಲಿಗಾರನೊಬ್ಬನಿಂದ. ಯಂತ್ರದೊಂದಿಗೆ ಪಂದ್ಯ ಕಟ್ಟಿ ಗೆದ್ದು, ಗೆದ್ದ ಮೇಲೆ ಸುತ್ತಿಗೆ ಹಿಡಿದೇ ಸತ್ತವನೆಂದು ಅಲ್ಲಿನ ಜನಪದ ಅವನನ್ನು ಹಾಡುತ್ತದೆ.

ನಮ್ಮ ಓಟು ಈ ಕುದುರೆಗೆ. ಇದಕ್ಕೆ ಬರುವ ಆಕ್ಷೇಪಣೆ ನಮಗೆ ಗೊತ್ತು. ಬೆಲ್ಮಾಂಟ್‌ನ ಅಂದಿನ ಸೆಕ್ರೆಟೇರಿಯಟ್ ಪಕ್ಕದಲ್ಲಿ ಜಾನ್ ಹೆನ್ರಿಯನ್ನು ಬಿಟ್ಟರೆ ಅದು ದೂಳಿನಲ್ಲಿ ಕಾಣೆಯಾಗುತ್ತಿತ್ತು. ಒಪ್ಪಿದೆವು. ಒಂದು ದಿನದ ಓಟವೇ ಮಾತಾದರೆ ಸೆಕ್ರೆಟೇರಿಯಟ್‌ಗೆ ಸರಿಸಾಟಿಯಿಲ್ಲ. ಆದರೆ ಶ್ರೇಷ್ಠತೆ ಒಂದು ದಿನದ್ದೋ ಒಂದು ಬಾಳಿನದ್ದೋ? ಇನ್ನೊಂದು ಕಹಿ ಸತ್ಯವನ್ನೂ ಮುಚ್ಚಿಡಬಾರದು. ಜಾನ್ ಹೆನ್ರಿ ಅಷ್ಟು ವರ್ಷ ಓಡಿದ್ದು ಓಟದ ಪ್ರೀತಿಗಾಗಿ ಮಾತ್ರವಲ್ಲ. ಮಾರಲು ಸಂತಾನವಿಲ್ಲದ್ದರಿಂದ ಅದು ದುಡಿದೇ ತಿನ್ನಬೇಕಿತ್ತು. ದುಡಿದೇ ತಿನ್ನಬೇಕಾದವರ ದೊಡ್ಡತನವನ್ನು ಅಳೆಯಲು ಈ ಪಟ್ಟಿಗಳಲ್ಲಿ ಕಾಲಂ ಇಲ್ಲ ಎಂಬುದೇ ನಮ್ಮ ತಕರಾರು.

ಓಡಿ ಮುರಿದವುಗಳಿಗೂ ಕಾಲಂ ಇಲ್ಲ. ರಫಿಯನ್ ಎಂಬ ಹೆಣ್ಣು ಕುದುರೆ ಹತ್ತಕ್ಕೆ ಹತ್ತು ಗೆದ್ದಿತ್ತು. 1975ರ ಜುಲೈಯಲ್ಲಿ ಗಂಡು ದೊಡ್ಡದೋ ಹೆಣ್ಣು ದೊಡ್ಡದೋ ತೀರ್ಮಾನವಾಗಲೆಂದು ಫೂಲಿಶ್ ಪ್ಲೆಷರ್ ಎಂಬ ಡರ್ಬಿ ವಿಜೇತನ ಜೊತೆ ಅದನ್ನು ಜೋಡಿ ಓಟಕ್ಕೆ ಬಿಟ್ಟರು. ಮುಂದಿದ್ದಾಗಲೇ ಕಾಲು ಮುರಿಯಿತು. ಮರುದಿನ ಬೆಳಗಾಗುವುದರೊಳಗೆ ಅದಕ್ಕೆ ಮುಕ್ತಿ ಕೊಡಬೇಕಾಯಿತು. ಯಾರು ಶ್ರೇಷ್ಠ ಎಂಬ ನಮ್ಮ ಈ ನಿರಪಾಯಕಾರಿ ಪ್ರಶ್ನೆಯೇ ಅಂದು ಒಂದು ಜೀವ ತೆಗೆಯಿತು. 2006ರ ಡರ್ಬಿ ಗೆದ್ದ ಬಾರ್ಬಾರೊ ಎರಡು ವಾರದಲ್ಲಿ ಕಾಲು ಮುರಿದುಕೊಂಡು ಎಂಟು ತಿಂಗಳು ನರಳಿ ಹೋಯಿತು. ಸವಾರರೂ ಅಷ್ಟೆ. ಸೆಕ್ರೆಟೇರಿಯಟ್‌ನ ಮೇಲೆ ಕೂತು ಹಿಂದೆ ತಿರುಗಿ ನೋಡಿದ ರಾನ್ ಟರ್ಕಾಟ್ 1978ರಲ್ಲಿ ಅದೇ ಬೆಲ್ಮಾಂಟ್ ಮೈದಾನದಲ್ಲಿ ಬಿದ್ದು, 2025ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲೇ ಕಳೆದರು.

ಇನ್ನು ಸಾಯಿಸರು. ಸೆಕ್ರೆಟೇರಿಯಟ್‌ನ ಸಾಯಿಸ ಎಡ್ಡಿ ಸ್ವೆಟ್ ಎಂಬ ಕರಿಯ ಮನುಷ್ಯ. ಆ ಕುದುರೆಯ ಮೈತೊಳೆದು, ಕಾಲಿಗೆ ಪಟ್ಟಿ ಸುತ್ತಿ, ಅದರೊಂದಿಗೆ ಮಾತಾಡುತ್ತ ಬದುಕಿದವರು. 1998ರಲ್ಲಿ ಸತ್ತಾಗ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1875ರ ಮೊದಲ ಕೆಂಟಕಿ ಡರ್ಬಿಯ 15 ಸವಾರರಲ್ಲಿ 13 ಮಂದಿ ಕರಿಯರಿದ್ದರು. ಗೆಲುವಿಗೆ ಹಣವೂ ಹೆಸರೂ ಬಂದಂತೆ ಅವರನ್ನು ಜೀನಿನಿಂದ ಇಳಿಸಿ ಲಾಯಕ್ಕೆ ಕಳಿಸಲಾಯಿತು. ಎಡ್ಡಿ ಸ್ವೆಟ್ ಆ ಇಳಿದವರ ಸಾಲಿನವರು. ಕೆಂಟಕಿಯ ಕುದುರೆ ಉದ್ಯಾನದ ಪ್ರತಿಮೆಯಲ್ಲಿ ಕುದುರೆ ಹಾಗೂ ಜಾಕಿಯ ಜೊತೆ ಈಗ ಅವರೂ ಇದ್ದಾರೆ, ಹಗ್ಗ ಹಿಡಿದು. ಕಂಚಿನಲ್ಲಾದರೂ ಜಾಗ ಸಿಕ್ಕಿತಲ್ಲ ಎನ್ನೋಣ.

ಇದನ್ನು ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಾಗುತ್ತಿದೆ. ಬರವಣಿಗೆಯ ಆರಂಭದ ದಿನಗಳಲ್ಲಿ ನಾವು ಓಟದ ಕುದುರೆಯ ಮೇಲೊಂದು ಕಥೆ ಬರೆದೆವು. ಪತ್ರಿಕೆಯಲ್ಲಿ ಅಚ್ಚಾದ ಹೆಮ್ಮೆಯಲ್ಲಿ ಚಿಚ್ಚಾನ ಮುಂದೆ ಕೂತು ಓದಿದೆವು. ಕನ್ನಡ ಓದಲು ಬಾರದ ಅವರು ಕಣ್ಣುಮುಚ್ಚಿ ಕೇಳಿದರು. ಮಾಲೀಕ, ಜಾಕಿ, ಬಾಜಿ ಕಟ್ಟಿ ಮನೆ ಕಳೆದುಕೊಂಡವನು, ಕೊನೆಗೆ ಗೆದ್ದ ಕುದುರೆ ಎಲ್ಲವೂ ಅದರಲ್ಲಿತ್ತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಕೇಳಿದ್ದು ಒಂದೇ ಮಾತು: "ಸಬ್ ಅಚ್ಛಾ ಹೈ ಬೇಟಾ, ಘೋಡೇ ಕೂ ಪಾನಿ ಕೌನ್ ಪಿಲಾಯಾ?" ಎಲ್ಲ ಚೆನ್ನಾಗಿದೆ ಮಗನೇ, ಕುದುರೆಗೆ ನೀರು ಕುಡಿಸಿದವರು ಯಾರು? ಅವರ ಮೂವತ್ತು ವರ್ಷದ ದುಡಿಮೆ ನಮ್ಮ ಕಥೆಯೊಳಗೆ ಒಂದು ಸಾಲೂ ಆಗಿರಲಿಲ್ಲ. ಅವರ ಅಂಗೈಯ ಗಾಯಗಳನ್ನು ನೋಡುತ್ತಲೇ ಬೆಳೆದ ನಾವೇ ಹೀಗೆ ಬರೆದ ಮೇಲೆ ಹಾಲಿವುಡ್‌ನವರನ್ನು ದೂರಿ ಏನು ಪ್ರಯೋಜನ?

ಚರ್ಚೆ ಬೇಡವೆಂದು ನಾವು ಹೇಳುತ್ತಿಲ್ಲ. ಚಹಾದಂಗಡಿಯ ಜಗಳದಲ್ಲಿ ಒಂದು ಒಳ್ಳೆಯ ಅಂಶವಿದೆ, ಅದು ಲಾಭಕ್ಕಾಗಿ ಅಲ್ಲ. 1973ರ ಬೆಲ್ಮಾಂಟ್ ದಿನ ಸೆಕ್ರೆಟೇರಿಯಟ್ ಮೇಲೆ ಹಣ ಕಟ್ಟಿ ಗೆದ್ದವರಲ್ಲಿ 5,617 ಟಿಕೆಟ್‌ಗಳ ಹಣವನ್ನು ಯಾರೂ ಪಡೆಯಲು ಬರಲಿಲ್ಲ. ಎರಡು ಡಾಲರಿಗೆ ಸಿಗುತ್ತಿದ್ದುದು ಎರಡು ಡಾಲರ್ ಇಪ್ಪತ್ತು ಸೆಂಟ್. ಅದರ ಬದಲು ಆ ಚೀಟಿಯನ್ನೇ ನೆನಪಿಗೆ ಇಟ್ಟುಕೊಂಡರು. ಜೂಜಾಡಲು ಬಂದವರು ಜೂಜನ್ನೇ ಮರೆತು ಒಂದು ಜೀವಿಯ ಓಟವನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋದರು. ನಮ್ಮ ಮಟ್ಟಿಗೆ ಆ ಕುದುರೆಯ ದೊಡ್ಡತನಕ್ಕೆ 31 ಕುದುರೆಯುದ್ದದ ಅಂತರಕ್ಕಿಂತ ಈ ಚೀಟಿಗಳೇ ಬಲವಾದ ಸಾಕ್ಷಿ.

ಚಿಚ್ಚಾ ಈಗಿಲ್ಲ. ಬದುಕಿದ್ದಾಗ ಯಾವ ಕುದುರೆ ದೊಡ್ಡದೆಂದು ನಾವು ಕೇಳಿದಾಗಲೆಲ್ಲ ಅವರು ಡರ್ಬಿ ಗೆದ್ದ ಯಾವುದರ ಹೆಸರನ್ನೂ ಹೇಳುತ್ತಿರಲಿಲ್ಲ. ರಾತ್ರಿ ಹೊಟ್ಟೆನೋವಿನಿಂದ ಹೊರಳುತ್ತಿದ್ದಾಗ ತಮ್ಮ ಹೆಗಲ ಮೇಲೆ ತಲೆಯಿಟ್ಟು ಬೆಳಗಿನವರೆಗೆ ನಿಂತ ಒಂದು ಕುದುರೆಯ ಹೆಸರು ಹೇಳುತ್ತಿದ್ದರು. ಅದು ಒಂದು ಓಟವನ್ನೂ ಗೆದ್ದಿರಲಿಲ್ಲ. ಮುಂದಿನ ಸಲ ಚಹಾದಂಗಡಿಯಲ್ಲಿ ಜಗಳ ಶುರುವಾದಾಗ ನಾವೂ ಆ ಹೆಸರನ್ನು ಹೇಳಬೇಕೆಂದಿದ್ದೇವೆ. ಯಾವ ಪುಸ್ತಕದಲ್ಲೂ ಸಿಗದ ಹೆಸರು. ನಗುವವರು ನಗಲಿ.